ಗೌರಿ ಹಬ್ಬದ ರಕ್ತ

ಬೆಳಗಿನ ರೈಲಿಗೆ ಮಂಡ್ಯದಲ್ಲಿ ಹತ್ತಿ, ಕಿಟಕಿ ಪಕ್ಕ ಕೂತು, ಬೆಂಗಳೂರು ಬರುವವರೆಗೂ ಓದುತ್ತಲೇ ಇರುತ್ತಿದ್ದ ಹೆಂಗಸೊಬ್ಬಳನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಮಂಡ್ಯದ ಗುತ್ತಲು ಬಡಾವಣೆಯ ನಾಗರತ್ನ ಅವಳೇ. ರಕ್ತ ಹೇಗೆ ಹುಟ್ಟುತ್ತದೆ ಎಂಬ ಸಂಶೋಧನೆ ಅವಳ ಕೆಲಸ. ಆ ಕೆಲಸ ಅವಳಿಗೆ ಹತ್ತಿಕೊಂಡದ್ದು ಅವಳು ಬೆಳೆದ ಬ್ಲಫ್ ಎಂಬ ಊರಿನಲ್ಲಿ.

ಅಪ್ಪ ಹೊನ್ನಯ್ಯ ಅಲ್ಲಿನ ವಿದ್ಯುತ್ ಕೇಂದ್ರದಲ್ಲಿದ್ದ. ನಾಗರತ್ನಳ ಬೆನ್ನಿಗೆ ಹುಟ್ಟಿದವನು ಲಿಂಗರಾಜು. ಹುಡುಗ ಒಂದನೇ ಕ್ಲಾಸಿಗೆ ಹೋಗುವ ಹೊತ್ತಿಗೆ ಸುಣ್ಣದಂತೆ ಬಿಳಿಚಿಕೊಂಡ. ಮೂಗಿನಲ್ಲಿ ರಕ್ತ ಬಂದರೆ ನಿಲ್ಲದು. ಮೂಳೆಯೊಳಗೆ ರಕ್ತ ಹುಟ್ಟುವ ಒರತೆಯೇ ಬತ್ತಿದೆ ಎಂದರು ವೆಲ್ಲೂರಿನ ಡಾಕ್ಟರು. ಬೇರೆಯವರ ಮೂಳೆಮಜ್ಜೆ ಹಾಕಬೇಕಿತ್ತು, ಅಕ್ಕನದು ಹೊಂದಿತು. ಹನ್ನೊಂದು ವರ್ಷದವಳನ್ನು ಬೋರಲು ಮಲಗಿಸಿ, ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ತಮ್ಮನಿಗೆ ಹಾಕಿದರು. ನೋವಾಯಿತಾ ಎಂದು ಅವಳನ್ನು ಯಾರೂ ಕೇಳಲಿಲ್ಲ.

ಹುಡುಗ ಉಳಿದ. ಅವನ ರಕ್ತದ ಗುಂಪೇ ಬದಲಾಗಿ ಅಕ್ಕನ ಗುಂಪಾಯಿತು. ಹೊನ್ನಯ್ಯ ಅದನ್ನು ಹೆಮ್ಮೆಯಿಂದ ಕ್ವಾರ್ಟರ್ಸಿಗೆಲ್ಲ ಸಾರಿಕೊಂಡು ಬಂದ. ಆಮೇಲೆ ಗೋಲಿಯಾಟದಲ್ಲಿ ಲಿಂಗರಾಜು ಗೆದ್ದರೂ ಜೊತೆ ಹುಡುಗರದು ಅದೇ ಮಾತು, ಸೋತರೂ ಅದೇ ಮಾತು.

"ಲೇ, ಎಣ್ಣಿನ್ ರಕ್ತ ಕಣ್ಲಾ ಇವಂದು. ಬಳೆ ತೊಡ್ಸ್ರಲಾ."

ಮುಂದೆ ಅಪ್ಪನ ಕೆಲಸ ಮಗನಿಗೆ ಬಂತು. ಗೋಲಿ ಆಡಿದವರೇ ಜೊತೆ ಕೆಲಸದವರಾದರು. ಲಿಂಗರಾಜು ದಪ್ಪ ಮೀಸೆ ಬಿಟ್ಟ, ಮಾತು ಮಾತ್ರ ಅವನನ್ನು ಬಿಡಲಿಲ್ಲ.

ಇತ್ತ ನಾಗರತ್ನ ಓದಿ ವಿಜ್ಞಾನಿಯಾದಳು. ಒಬ್ಬರ ಮೈಯಿಂದ ಹೋದ ಕೋಶಗಳು ಇನ್ನೊಬ್ಬರ ಮೈಯಲ್ಲಿ ಜಗಳವಿಲ್ಲದೆ ಹೇಗೆ ಸಂಸಾರ ಹೂಡುತ್ತವೆ ಎಂಬುದೇ ಅವಳ ಪ್ರಶ್ನೆ. ಉತ್ತರ ತಮ್ಮನೊಳಗಿತ್ತು. ವರ್ಷವರ್ಷ ಗೌರಿ ಹಬ್ಬಕ್ಕೆ ಅವನು ಮೊರದ ಬಾಗಿನ ಹಿಡಿದು ಗುತ್ತಲಿಗೆ ಬರುತ್ತಿದ್ದ. ಅವಳು ಬಾಗಿನ ಒಳಗಿಟ್ಟು ರಬ್ಬರ್ ಪಟ್ಟಿ ತರುತ್ತಿದ್ದಳು.

"ಕೈ ಕೊಡೋ. ಬಿಸಿಲೇರಿದ್ರೆ ಸ್ಯಾಂಪಲ್ ಕೆಡ್ತದೆ. ಊಟ ಆಮೇಲೆ."

ಪರದೇಶದ ಸಭೆಗಳಲ್ಲಿ ಆ ರಕ್ತದ ಚಿತ್ರಗಳಿಗೆ ಚಪ್ಪಾಳೆ ಬಿದ್ದವು. ತಮ್ಮ ಹೇಗಿದ್ದಾನೆ ಎಂಬುದು ಅವಳಿಗೆ ಟ್ಯೂಬಿನಲ್ಲೇ ತಿಳಿಯುತ್ತಿತ್ತು, ಬೇರೆ ಕೇಳಬೇಕೆನ್ನಿಸಲಿಲ್ಲ.

ಮದುವೆಯಾಗಿ ಬಹಳ ವರ್ಷವಾದರೂ ಲಿಂಗರಾಜುವಿನ ಹೆಂಡತಿ ವೀಣಳಿಗೆ ಮಕ್ಕಳಾಗಲಿಲ್ಲ. ಬಂಜೆ ಎಂಬ ಮಾತನ್ನು ಅವಳೇ ಹೊತ್ತಳು. ಕೊನೆಗೆ ಮೈಸೂರಿನ ಡಾಕ್ಟರು, ಕೊರತೆ ಗಂಡನಲ್ಲಿದೆ, ಚಿಕ್ಕಂದಿನಲ್ಲಿ ಮಜ್ಜೆ ಹಾಕುವ ಮುಂಚೆ ಕೊಟ್ಟ ಔಷಧಿಯಿಂದ ಹೀಗಾಗಿರಬಹುದು ಎಂದರು. ಆ ವರ್ಷ ಹಬ್ಬಕ್ಕೆ ಬಂದಾಗ ಅವನು ಅಕ್ಕನನ್ನು ಕೇಳಿದ.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮದ್ವೆಗ್ ಮುಂಚೇನೇ?"

"ನೀನು ಕೇಳ್ಲಿಲ್ಲ," ಎಂದಳು, ಸೂಜಿ ತೆಗೆದು ಹತ್ತಿ ಒತ್ತುತ್ತಾ.

ಹೋದ ವರ್ಷ ನಾಗರತ್ನಳೂ ಬಿಳಿಚಿಕೊಂಡಳು. ತಮ್ಮನಿಗೆ ಬಂದಿದ್ದೇ ಅವಳಿಗೂ ಬಂದಿತ್ತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಗಾಜಿನ ಕೋಣೆಗೆ ಸೇರಿಸಿದರು. ಬೇರೆಯವರದು ಯಾವುದೂ ಹೊಂದಲಿಲ್ಲ. ಆದರೆ ಅವಳದೇ ಕೋಶಗಳು ಬ್ಲಫ್‌ನಲ್ಲಿ ಒಬ್ಬನ ಮೂಳೆಯೊಳಗೆ ಸುಖವಾಗಿದ್ದವು. ಅವಳು ಫೋನು ಮಾಡಿದಳು.

"ಲಿಂಗ, ನಂದು ಬತ್ತೋಯ್ತು ಕಣೋ. ನಿನ್ನೊಳಗಿರೋದ್ರಲ್ಲಿ ಸ್ವಲ್ಪ ಕೊಡು, ಬದುಕ್ಕತೀನಿ."

ಆ ಕಡೆ ಲಿಂಗರಾಜು ಕ್ಯಾಲೆಂಡರಿನ ಹಾಳೆ ತಿರುವಿದ.

"ಅಬ್ಬಕ್ ಬತ್ತೀನಿ ಬುಡು," ಎಂದ.

ಹಬ್ಬದ ದಿನ ಗಂಡ ಹೆಂಡತಿ ಬಂದರು. ನರ್ಸು ಬಾಗಿಲಲ್ಲೇ ಬಾಗಿನ ತಡೆದಳು. ಹೂವು, ಹಣ್ಣು ಒಳಗೆ ಹೋದರೆ ಸೋಂಕು ತಗುಲಿ ಅಮ್ಮಾವ್ರಿಗೆ ಅಪಾಯ ಎಂದಳು. ವೀಣ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತಳು. ಲಿಂಗರಾಜು ಮೂಗು ಬಾಯಿ ಕಟ್ಟಿಕೊಂಡು ಒಳಗೆ ಹೋದ, ಅಂಗಿಯ ತೋಳು ಮಡಚಿ ಕೈ ಚಾಚಿದ. ಅಕ್ಕನ ಮುಖ ಅರಳಿತು.

"ಕೈಯಿಂದ ಅಲ್ವೋ. ಅಡ್ಮಿಟ್ ಆಗ್ಬೇಕು, ಸೊಂಟದಿಂದ ತೆಗೀತಾರೆ."

"ವರ್ಸಾ ವರ್ಸಾ ತಗೀತಿದ್ಯಲ್ಲಕ್ಕ, ಅಷ್ಟೇ. ಒಂದ್ ಟ್ಯೂಬು."

"ಅಷ್ಟರಲ್ಲಿ ನಾನು ಬದುಕಲ್ಲ ಲಿಂಗ."

"ಗೊತ್ತು."

ನಾಗರತ್ನ ಆ ಕೈಯನ್ನೇ ನೋಡಿದಳು. ಆಮೇಲೆ ನರ್ಸಿನ ಕಡೆ ತಿರುಗಿದಳು. "ತಗೊಳ್ಳಮ್ಮ. ಬಿಸಿಲೇರೋಕೆ ಮುಂಚೆ ನನ್ನ ಲ್ಯಾಬಿಗೆ ಕಳ್ಸು."

ಗಂಡ ಹೆಂಡತಿ ಮೊರದ ಜೊತೆಗೇ ಬಸ್ಸು ಹತ್ತಿದರು. ಮದ್ದೂರು ದಾಟುವಾಗ ವೀಣ ಬಾಗಿನದ ಬಾಳೆಹಣ್ಣನ್ನು ಪಕ್ಕದ ಸೀಟಿನ ಮಗುವಿಗೆ ಸುಲಿದು ಕೊಟ್ಟಳು.

ದೀಪಾವಳಿಗೆ ಮುಂಚೆ ನಾಗರತ್ನ ತೀರಿಕೊಂಡಳು. ಲಿಂಗರಾಜು ಒಲ್ಲೆ ಎಂದದ್ದು ಊರಿಗೆ ಗೊತ್ತಿರಲಿಲ್ಲ. ತಿಥಿಯ ಊಟದಲ್ಲಿ, ಗೋಲಿ ಆಡುತ್ತಿದ್ದ ಕಾಲದಿಂದ ಅವನನ್ನು ಆಡಿಕೊಂಡ ಕೆಂಪರಾಜು ಪಕ್ಕದ ಎಲೆಗೆ ಕೂತಿದ್ದ. ಅವತ್ತು ಮಾತ್ರ ನಿಜವಾದ ಮರುಕದಿಂದ ಹೆಗಲ ಮೇಲೆ ಕೈಯಿಟ್ಟ.

"ಅಳ್ಬ್ಯಾಡ ಕಣ್ಲಾ. ನಿಮ್ಮಕ್ಕ ಎಲ್ಲೂ ಓಗಿಲ್ಲ. ನಿನ್ ಮೈಯಲ್ಲೇ ಅವ್ಳೆ, ನೀನಿರೋಗಂಟ ಅವ್ಳೂ ಇರ್ತಾಳೆ."

ಲಿಂಗರಾಜು ಕಲಸಿದ ಅನ್ನ ಬಿಟ್ಟು ಎದ್ದ.

"ಕುಂತ್ಕಳ್ಲಾ," ಅಂದ ಕೆಂಪರಾಜು, "ವಡೆ ಬತ್ತಾ ಅದೆ."