ಹೊರಗೇ ಊದುವ ಫ್ಯಾನುಗಳು

ನಾಸಿಕದಲ್ಲಿ ಇಷ್ಟು ವರ್ಷ ಉಡುಪಿ ಹೋಟೆಲು ನಡೆಸಿದ ನನಗೆ ಗಾಳಿಯ ವಿಷಯ ಯಾರೂ ಕಲಿಸಬೇಕಿಲ್ಲ ಎಂಬ ಜಂಬವಿತ್ತು. ಮಗಳು ಪ್ರಜ್ಞಾಳ ಗೇಮಿಂಗ್ ಕಂಪ್ಯೂಟರಿಗೆ ಮುಂದೆ ಜಾಲರಿಯಿರುವ ಕ್ಯಾಬಿನೆಟ್ ಆರಿಸಿದವನೂ ನಾನೇ, ಫ್ಯಾನು ಕೂರಿಸಿದವನೂ ನಾನೇ. ನಮ್ಮ ಹೋಟೆಲಿನ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನಂತೆ ಎಲ್ಲ ಫ್ಯಾನುಗಳನ್ನೂ ಹೊರಗೆ ಊದುವ ಹಾಗೆ ಜೋಡಿಸಿದೆ. ಆಟ ಶುರುವಾದ ಸ್ವಲ್ಪ ಹೊತ್ತಿಗೇ ಪೆಟ್ಟಿಗೆ ದೋಸೆ ಕಾವಲಿಯಂತೆ ಕಾಯಿತು.

"ಪಪ್ಪಾ, ಎಲ್ಲ ಹೊರಗೇ ಊದಿದ್ರೆ ಒಳಗೆ ಗಾಳಿ ಎಲ್ಲಿಂದ ಬರುದು?" ಎಂದಳು ಪ್ರಜ್ಞಾ.

ಮುಂಭಾಗದ ಫ್ಯಾನುಗಳನ್ನು ಬಿಚ್ಚಿ ಒಳಗೆ ಊದುವಂತೆ ತಿರುಗಿಸಿ ಕೂರಿಸಿದೆ. ಪೆಟ್ಟಿಗೆ ತಣ್ಣಗಾಯಿತು.

ಈ ಹೊಸ ಜ್ಞಾನವನ್ನು ನನ್ನದೇ ಎಂಬಂತೆ ಅಡುಗೆಯ ಕಿಟ್ಟಣ್ಣನ ಮುಂದೆ ಕೊಚ್ಚಿಕೊಂಡೆ. ಅವನು ಒಲೆಯ ಮುಂದೆ ಬೆವರೊರೆಸಿಕೊಳ್ಳುತ್ತ ಕೇಳಿದ: "ಹಾಗಾದ್ರೆ ಧಣಿ, ನಾನು ವರ್ಷಗಟ್ಟಲೆ ಕೇಳಿದ ಕಿಟಕಿ ಈ ಅಡುಗೆಮನೆಗೂ ಇಡ್ತೀರಾ?"