ಉಸಿರು ಗುರುತಿಸುವ ಬಿಲ್ಲೆ

ಮೂಡುಬಿದಿರೆ ಪೇಟೆಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಔಷಧದಂಗಡಿಯ ಮೇಲಿನ ಕೋಣೆಯಲ್ಲಿ ಶಬ್ನಾ ಬೆಂಕಿಪೊಟ್ಟಣದಷ್ಟು ದೊಡ್ಡ ಬಿಲ್ಲೆಯೊಂದನ್ನು ಎದೆಗೆ ಸಿಕ್ಕಿಸಿಕೊಂಡು ಸುಮ್ಮನೆ ಕುಳಿತಿದ್ದಾರೆ. ಹಸಿರು ದೀಪ ಮಿನುಗುತ್ತದೆ. ತೆಗೆದು ಮೇಜಿನ ಮೇಲಿಟ್ಟರೆ ಕೆಂಪಾಗುತ್ತದೆ. ಬಸ್ಸುಗಳ ಓಡಾಟ ಹೆಚ್ಚಾದರೆ ಕಟ್ಟಡ ಅದುರುತ್ತದೆ, ಬಿಲ್ಲೆ ಅದನ್ನೇ ಉಸಿರೆಂದು ತಿಳಿಯುತ್ತದೆ. ಅದಕ್ಕೇ ಇಷ್ಟು ಬೇಗ ಕೆಲಸ; ಅದನ್ನು ನೋಡಿ ಬರೆಯಲು ನಾನೂ ಬಂದಿದ್ದೇನೆ.

ಇದು ಮೈಗೆ ತಾಗುವ ನ್ಯೂಟ್ರಾನ್ ವಿಕಿರಣವನ್ನು ಅಳೆಯುವ ಸಾಧನ. ಕೊಲ್ಲಿ ರಾಷ್ಟ್ರಗಳ ತೈಲಬಾವಿಗಳಲ್ಲಿ ಬಂಡೆಯೊಳಗೇನಿದೆ ಎಂದು ತಿಳಿಯಲು ನ್ಯೂಟ್ರಾನ್ ಸೂಸುವ ವಸ್ತುವನ್ನು ಆಳಕ್ಕೆ ಇಳಿಸುತ್ತಾರೆ. ಅದನ್ನು ಇಳಿಸಿ ಎತ್ತುವವರಲ್ಲಿ ನಮ್ಮ ಕಡೆಯವರೂ ಇದ್ದಾರೆ. ಸಾಧನದ ವಿನ್ಯಾಸ ಎಂಜಿನಿಯರ್ ಭವಿತ್ ಅವರದು. ಬೆಸುಗೆ, ಜೋಡಣೆ, ಪರೀಕ್ಷೆಯೆಲ್ಲ ಬಂಟ್ವಾಳದಿಂದ ಮೊದಲ ಬಸ್ಸಿಗೆ ಬರುವ ಶಬ್ನಾ ಅವರದು.

ಅವರ ಗಂಡ ಮುನವ್ವರ್ ಅಂಥ ಬಾವಿಯಲ್ಲೇ ದುಡಿದವರು. ಕಂಪನಿ ಕೊಟ್ಟ ಬಿಲ್ಲೆಯಲ್ಲಿ ಅಂಕಿ ಏರಿದರೆ ಆ ಕೆಲಸಗಾರನನ್ನು ಬಾವಿಯಿಂದ ತೆಗೆದು ಗೋದಾಮಿನ ಕೆಲಸಕ್ಕೆ ಹಾಕುತ್ತಿದ್ದರು, ಭತ್ಯೆಗೆ ಕತ್ತರಿ. ಹಾಗಾಗಿ ಎಲ್ಲರೂ ಬಿಲ್ಲೆಯನ್ನು ಕೋಣೆಯ ಗೋಡೆಗೆ ತೂಗುಹಾಕಿ ಕೆಲಸಕ್ಕೆ ಹೋಗುತ್ತಿದ್ದರಂತೆ. ಕೊಡೆ ನೆನೆಯುತ್ತದೆಂದು ಅದನ್ನು ಮನೆಯಲ್ಲಿಟ್ಟು ಮಳೆಗೆ ಹೊರಟ ಹಾಗೆ! ಮುನವ್ವರ್ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು.

"ವಿಕಿರಣದಿಂದಲೇ ಬಂತಾ ಅಂತ ಡಾಕ್ಟ್ರಲ್ಲಿ ಕೇಳಿದೆ. ಹೇಳ್ಲಿಕ್ಕೆ ಆಗುದಿಲ್ಲಮ್ಮ, ಲೆಕ್ಕದಲ್ಲಿ ಸೊನ್ನೆ ಉಂಟು ಅಂದ್ರು. ಗೋಡೆಯ ಲೆಕ್ಕ ಅದು, ಅವರದ್ದಲ್ಲ," ಎನ್ನುತ್ತಾರೆ ಶಬ್ನಾ. ಕೇಳುವಾಗ ನನಗೆ ಸಿಟ್ಟು ಬರುತ್ತದೆ, ಯಾರ ಮೇಲೆಂದು ತಿಳಿಯುವುದಿಲ್ಲ.

ಹೊಸ ಬಿಲ್ಲೆ ತಾನು ಮೈಮೇಲಿದ್ದೇನೋ ಇಲ್ಲವೋ ಎಂಬುದನ್ನೂ ಹೇಳಬೇಕೆಂದು ಹಟ ಹಿಡಿದವರು ಇವರೇ. "ಮೊದ್ಲು ಮೈಬಿಸಿ ನೋಡುವ ಹಾಗೆ ಮಾಡಿದೆವು ಮಾರಾಯ್ರೆ. ಅಲ್ಲಿನ ಸೆಕೆಗೆ ಗೋಡೆ ಸಹ ಮೈಯಷ್ಟೇ ಬಿಸಿ!" ಎಂದು ನಗುತ್ತಾರೆ. ಈಗಿನದು ಎದೆಯ ಏರಿಳಿತವನ್ನು ಹಿಡಿಯುತ್ತದೆ.

ಅದೇ ಕೆಲಸಕ್ಕೆ ಹೋಗಿರುವ ಒಡಹುಟ್ಟಿದ ತಮ್ಮ ರಿಝ್ವಾನ್‌ಗೆ ಪ್ರಯೋಗಕ್ಕೆಂದು ಒಂದನ್ನು ಕೊಟ್ಟು ಕಳಿಸಿದ್ದಾರೆ. ಅದರ ವಿವರ ದಿನವೂ ಇಲ್ಲಿನ ಪರದೆಗೆ ಬರುತ್ತದೆ. ನಾನಿರುವಾಗಲೇ ಬರುತ್ತದೆ: ವಿಕಿರಣ ಸೊನ್ನೆ, ಮೈಮೇಲಿಲ್ಲ. ನಿನ್ನೆಯದೂ ಹಾಗೆಯೇ ಇದೆ. ಬಿಲ್ಲೆ ಸುಳ್ಳು ಹೇಳುತ್ತಿಲ್ಲ, ಸಂಕಟವೇ ಅದು. ಶಬ್ನಾ ಫೋನ್ ಮಾಡುತ್ತಾರೆ. ಅವನು ಬ್ಯಾರಿ ಭಾಷೆಯಲ್ಲಿ ಹೇಳಿದ್ದನ್ನು ನನಗೆ ಕನ್ನಡದಲ್ಲಿ ತಿಳಿಸುತ್ತಾರೆ.

"ಎಲ್ಲರೂ ತೆಗೆದಿಡ್ತಾರಂತೆ. ಇವನೊಬ್ಬ ಹಾಕಿದ್ರೆ ಇವನನ್ನೇ ಗೋದಾಮಿಗೆ ಹಾಕ್ತಾರಂತೆ."

ತಮ್ಮನನ್ನು ಅವರು ಬೈಯುವುದಿಲ್ಲ. ಫೋನ್ ಇಟ್ಟು ಇನ್ನೊಂದು ಬಿಲ್ಲೆಯ ಬೆಸುಗೆಗೆ ಕೂರುತ್ತಾರೆ. ನಿಮಗೇನು ಆಸೆ ಎಂದು ಕೇಳುತ್ತೇನೆ. ಕೆಲಸದಿಂದ ಕಣ್ಣು ತೆಗೆಯದೆ ಹೇಳುತ್ತಾರೆ.

"ಸೊನ್ನೆಯೇ ಬರ್ಲಿ. ಅವನ ಎದೆ ಮೇಲೆ ಇದ್ದು ಬರ್ಲಿ."