ಮುನಿಶಾಮಮ್ಮನ ಅಂಗೈಗೆ ಸಿಕ್ಕುವ ಬಿರುಕು

ಬೆಳಗಿನ ಆರು ಗಂಟೆ. ಯಶವಂತಪುರದ ಮಾರ್ಕೆಟ್ ಯಾರ್ಡಿನ ಹಿಂದಿನ ಗಲ್ಲಿಯಲ್ಲಿ ಲಾರಿಗಳ ಸದ್ದು ಇನ್ನೂ ಶುರುವಾಗಿಲ್ಲ. ತಗಡಿನ ಛಾವಣಿಯ ಗೋದಾಮಿನೊಳಗೆ, ಗೋಣಿಚೀಲದ ಮೇಲೆ ಕಾಲು ಚಾಚಿ ಕೂತ ಮುನಿಶಾಮಮ್ಮ, ನೀಲಿ ಹೂವಿನ ಹಳೆಯ ಪಿಂಗಾಣಿ ತಟ್ಟೆಯೊಂದನ್ನು ಎಡ ಅಂಗೈ ಮೇಲೆ ಕೂರಿಸಿಕೊಂಡಿದ್ದಾರೆ. ಬಲಗೈಯ ತೋರುಬೆರಳು ಮಡಚಿ ಅಂಚಿಗೆ ಮೆಲ್ಲಗೆ ಒಮ್ಮೆ ತಟ್ಟಿ ಕಣ್ಣು ಮುಚ್ಚುತ್ತಾರೆ. ತಟ್ಟೆಯನ್ನು ಸ್ವಲ್ಪ ತಿರುಗಿಸಿ ಮತ್ತೆ ತಟ್ಟುತ್ತಾರೆ.

ಎದುರಿಗೆ ಕೂತ ವೀರಬಸಪ್ಪ ತಲೆ ವಾಲಿಸಿ ಕೇಳಿಸಿಕೊಂಡು, "ಚಲೋ ಐತ್ರೀ ಯವ್ವಾ" ಅನ್ನುತ್ತಾರೆ.

"ಇಲ್ಲ. ಇನ್ನೊಂದ್ ಕಿತ ನೋಡು."

ಮತ್ತೆ ತಟ್ಟುತ್ತಾರೆ. ವೀರಬಸಪ್ಪನಿಗೆ ಈ ಸಲವೂ ಏನೂ ಅನ್ನಿಸುವುದಿಲ್ಲ. ಕೊನೆಗೆ ತಟ್ಟೆಯ ಹಿಂದೆ ಟಾರ್ಚ್ ಹಿಡಿದಾಗ ಒಂದು ಗೆರೆ ಕಾಣುತ್ತದೆ, ಕೂದಲಿಗಿಂತ ತೆಳು, ಹೂವಿನ ಎಸಳಿನ ಹಿಂದೆ ಅಡಗಿದೆ. ವೀರಬಸಪ್ಪ ಚೀಟಿಯ ಮೇಲೆ 'ಬಿರುಕು ಇದೆ' ಎಂದು ಬರೆದು ತಟ್ಟೆಗೆ ಅಂಟಿಸುತ್ತಾರೆ.

ಇದು ಹಳೆಯ ವಸ್ತುಗಳನ್ನು ಹರಾಜು ಹಾಕುವ ಜಿಯಾವುಲ್ಲಾ ಅವರ ಗೋದಾಮು. ಊರಿನ ಹಳೇ ಬಂಗಲೆಗಳನ್ನು ಖಾಲಿ ಮಾಡುವಾಗ ಸಿಗುವ ಪಿಂಗಾಣಿ, ಗೋಡೆ ಗಡಿಯಾರ, ಹಿತ್ತಾಳೆ ದೀಪಗಳೆಲ್ಲ ಇಲ್ಲಿಗೆ ಬರುತ್ತವೆ. ಭಾನುವಾರ ಮುಂದಿನ ಹಾಲ್‌ನಲ್ಲಿ ಹರಾಜು. ಸಂಗ್ರಹಕಾರರಿಗೆ ಬೇಕಾದ್ದು ಆ ಪುಟ್ಟ ಚೀಟಿ. ವಾರಕ್ಕೆ ಇನ್ನೂರರಷ್ಟು ತಟ್ಟೆ, ಬೋಗುಣಿ, ಜಾಡಿಗಳು ಮುನಿಶಾಮಮ್ಮನ ಕೈ ಹಾದು ಹೋಗುತ್ತವೆ. ತೊಳೆಯುವುದು, ತಟ್ಟಿ ನೋಡುವುದು, ಮಾರಾಟವಾದದ್ದನ್ನು ವೀರಬಸಪ್ಪನ ಜೊತೆ ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುವುದು. ಹದಿನಾಲ್ಕು ವರ್ಷದಿಂದ ಇದೇ ಕೆಲಸ.

ಅವರಿಗೀಗ ಅರವತ್ತೊಂಬತ್ತು. ಹುಟ್ಟಿದ್ದು, ಮದುವೆಯಾಗಿ ಸೇರಿದ್ದು ಎರಡೂ ಕೆಂಪಾಪುರದಲ್ಲೇ. ಹತ್ತೊಂಬತ್ತರ ವಯಸ್ಸಿಗೆ ಒಂದು ಪಿಂಗಾಣಿ ಕಾರ್ಖಾನೆ ಸೇರಿದರು. ಭಟ್ಟಿಯಿಂದ ಬಂದ ಕಪ್ಪುಗಳಲ್ಲಿ ಒಡಕನ್ನು ಬೇರೆ ಮಾಡುವ ಕೆಲಸ. "ಒಂದೊಂದ್ ಕೈಲಿ ಒಂದೊಂದ್ ಇಡ್ಕಂಡು ತಗುಲ್ಸೋದು. ಒಳ್ಳೇದಾದ್ರೆ ಗಂಟೆ ಇದ್ದಂಗೆ ಎಳೀತದೆ. ಬಿರುಕಿದ್ರೆ ಟಕ್ ಅಂತ ಅಲ್ಲೇ ಸತ್ತೋಯ್ತದೆ. ದಿನಕ್ ಸಾವ್ರ ಕಪ್ಪು ನೋಡ್ತಿದ್ವಿ." ಭಟ್ಟಿಯಲ್ಲಿದ್ದ ಚಿಕ್ಕಮಾರಯ್ಯನ ಜೊತೆ ಮದುವೆಯಾಯಿತು. ಹದಿನೇಳು ವರ್ಷ ದುಡಿದ ಮೇಲೆ ಕಾರ್ಖಾನೆ ಮುಚ್ಚಿತು. ದಮ್ಮು ಹಿಡಿದಿದ್ದ ಗಂಡ ಮೂರು ವರ್ಷಕ್ಕೆ ತೀರಿಹೋದರು. ಗಂಗಾನಗರದ ಮನೆಗಳಲ್ಲಿ ಪಾತ್ರೆ ತೊಳೆದು ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದರು.

ಅಂಥ ಒಂದು ಮನೆಯ ಸಾಮಾನು ಕೊಳ್ಳಲು ಜಿಯಾವುಲ್ಲಾ ಬಂದಿದ್ದರು. ಅವರು ತಟ್ಟೆ ಎಣಿಸುತ್ತಿದ್ದಾಗ ಅಡುಗೆಮನೆಯಿಂದ ಬಂದ ಹೆಂಗಸು, "ಸಾಬ್ರೇ, ಕೆಳಗಿಂದ ಮೂರ್ನೇದು ಒಡೆದದೆ, ಸದ್ದು ನೋಡಿ" ಅಂದಳಂತೆ. "ನೋಡಿದ್ರೆ ನಿಜ. ಆ ತಟ್ಟೆಗಳ ಜೊತೆಗೆ ಇವ್ರನ್ನೂ ಬನ್ನಿ ಅಂತ ಕರೆದೆ" ಎಂದು ಜಿಯಾವುಲ್ಲಾ ನಗುತ್ತಾರೆ.

ಹೋದ ವರ್ಷ ಆಷಾಢದಲ್ಲಿ ಒಂದು ಘಟನೆ ನಡೆಯಿತು. ಅದನ್ನು ಬರೆಯಬಹುದೇ ಎಂದು ನಾನು ಕೇಳಿದಾಗ ಮುನಿಶಾಮಮ್ಮ, "ಬರೀರಿ, ಆಗಿದ್ದು ಆಗೋಯ್ತು" ಅಂದರು.

ಆರ್.ಟಿ. ನಗರದ ಕಾಲೇಜು ಉಪನ್ಯಾಸಕಿ ಪ್ರತಿಭಾ, ಹರಾಜಿನಲ್ಲಿ ಹಸಿರು ಬಣ್ಣದ ದೊಡ್ಡ ಬೋಗುಣಿ ಕೊಂಡಿದ್ದರು. 'ಬಿರುಕಿಲ್ಲ' ಎಂಬ ಚೀಟಿ ಇತ್ತು. ಮನೆಯಲ್ಲಿ ನೀರು ತುಂಬಿ ಹೂ ತೇಲಿಬಿಟ್ಟರು. ಬೆಳಗಾಗುವಷ್ಟರಲ್ಲಿ ಮೇಜೆಲ್ಲ ಒದ್ದೆ. ವಾಪಸ್ ತಂದರು. ಜಿಯಾವುಲ್ಲಾ ಬೋಗುಣಿ ತೆಗೆದುಕೊಂಡು ದುಡ್ಡು ಹಿಂದಿರುಗಿಸಿದರು. ಮುನಿಶಾಮಮ್ಮನ ಚೀಟಿ ತಪ್ಪಾಗಿರಲಾರದು, ಪ್ಯಾಕಿಂಗ್‌ನಲ್ಲೇ ಏಟು ಬಿದ್ದಿರಬೇಕು ಎಂದು ತೀರ್ಮಾನಿಸಿ, ವೀರಬಸಪ್ಪನಿಗೆ ಇನ್ನು ಪಿಂಗಾಣಿ ಮುಟ್ಟಬೇಡ, ಮೇಜು–ಬೀರು ಹೊರು ಅಂದರು.

ಗದಗದ ಕಡೆಯಿಂದ ಬಂದ ವೀರಬಸಪ್ಪ ಹನ್ನೊಂದು ವರ್ಷದಲ್ಲಿ ಒಂದು ಲೋಟವನ್ನೂ ಒಡೆದವರಲ್ಲ. "ನನ್ನ ಕೈ ಮ್ಯಾಲ ನನಗೇ ಅನುಮಾನ ಬಂತು" ಅನ್ನುತ್ತಾರೆ.

ಮುನಿಶಾಮಮ್ಮನಿಗೆ ಮಾತ್ರ ನಿಜ ಗೊತ್ತಿತ್ತು. ಆರೇಳು ತಿಂಗಳಿಂದ ಅವರ ಕಿವಿ ಮಂದವಾಗುತ್ತ ಬಂದಿತ್ತು. ಕುಕ್ಕರ್ ಕೂಗಿದ್ದು ಕೇಳುತ್ತಿರಲಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಎರಡೆರಡು ಸಲ ಕರೆಯಬೇಕಿತ್ತು. ಆ ಬೋಗುಣಿ ತಟ್ಟಿದಾಗ ಸದ್ದು ಎಳೆಯಿತೋ ಸತ್ತಿತೋ ಸರಿಯಾಗಿ ತಿಳಿದಿರಲಿಲ್ಲ. ಸರಿಯಾಗೇ ಇದ್ದೀತು ಅಂದುಕೊಂಡು ಚೀಟಿ ಬರೆಸಿದ್ದರು.

"ಐದ್ ದಿನ ಬಾಯ್ ಬಿಡ್ಲಿಲ್ಲ. ಏಳಿದ್ರೆ ಮನೇಗ್ ಕಳುಸ್ತಾರೆ ಅಂತ ಭಯ. ಅವ್ನು ಬೀರು ಒತ್ಕಂಡು ಎದ್ರಿಗೇ ಓಡಾಡೋನು."

ಆರನೇ ದಿನ ಶನಿವಾರ. ಬೀಗ ತೆಗೆಯುವುದಕ್ಕೇ ಕಾದು ನಿಂತು ಜಿಯಾವುಲ್ಲಾ ಅವರಿಗೆ ಹೇಳಿದರು: "ಸಾಬ್ರೇ, ಅವನ್ ತಪ್ಪಲ್ಲ. ನಂಗೇ ಕೇಳುಸ್ಲಿಲ್ಲ."

ಜಿಯಾವುಲ್ಲಾ ಹತ್ತು ತಟ್ಟೆ ಸಾಲಾಗಿ ಇಟ್ಟರು. ನಾಲ್ಕರಲ್ಲಿ ಬಿರುಕಿತ್ತು. ಮುನಿಶಾಮಮ್ಮ ಹಿಡಿದದ್ದು ಎರಡನ್ನು. ಅವತ್ತೇ ವೀರಬಸಪ್ಪನನ್ನು ಕರೆದು, ತಪ್ಪು ನಮ್ಮದು ಅಂತ ಹೇಳಿ, ಜಿಯಾವುಲ್ಲಾ ಹಳೇ ಕೆಲಸಕ್ಕೆ ಕೂರಿಸಿದರು. ಮುನಿಶಾಮಮ್ಮನಿಗೆ, "ಅಮ್ಮ, ಒಂದೆರಡು ವಾರ ಮನೇಲಿರಿ" ಅಂದರು.

ಹೊರಟವರು ಬಾಗಿಲ ಹತ್ತಿರ ನಿಂತು, ಆ ಹತ್ತು ತಟ್ಟೆ ಕೊಡ್ತೀರಾ ಎಂದು ಕೇಳಿದರು. ಯಾಕೆಂದು ಅವರಿಗೂ ಆಗ ಗೊತ್ತಿರಲಿಲ್ಲವಂತೆ. ಕೆಂಪಾಪುರದ ಮನೆಯಲ್ಲಿ ದಿನವೂ ಕೂತು ತಟ್ಟಿದರು. ಕಿವಿ ಕೈಕೊಟ್ಟರೂ ಅಂಗೈಗೆ ಏನೋ ತಾಗುತ್ತಿತ್ತು. ಒಳ್ಳೆಯ ತಟ್ಟೆ ತಟ್ಟಿದ ಮೇಲೂ ಅಂಗೈಯಲ್ಲಿ ಸಣ್ಣಗೆ ನಡುಗುತ್ತದೆ. ಬಿರುಕಿನದು ತಕ್ಷಣ ಸುಮ್ಮನಾಗುತ್ತದೆ. "ಕಿವಿ ನೆಟ್ಟಗಿದ್ದಾಗ ಕೈ ಕಡೆ ಗ್ಯಾನವೇ ಇರ್ಲಿಲ್ಲ. ಅದು ಐವತ್ ವರ್ಸದಿಂದ ಏಳ್ತಾನೇ ಇತ್ತೋ ಏನೋ."

ಹದಿನೈದು ದಿನಕ್ಕೆ ವಾಪಸ್ ಬಂದರು. ಜಿಯಾವುಲ್ಲಾ ಬೇರೆ ಹತ್ತು ತಟ್ಟೆ ಇಟ್ಟರು. ಒಂಬತ್ತು ಸರಿ.

"ಒಂಬತ್ತು ಸಾಲಲ್ಲಮ್ಮ" ಅಂದರು ಜಿಯಾವುಲ್ಲಾ. ಆಮೇಲೆ ವೀರಬಸಪ್ಪನ ಕಡೆ ತಿರುಗಿ, "ನೀನು ಕೇಳು, ಅವ್ರು ಕೈಯಲ್ಲಿ ನೋಡ್ಲಿ. ಇಬ್ರೂ ಒಪ್ಪಿದ್ರೆ ಮಾತ್ರ ಚೀಟಿ. ಒಪ್ಪದಿದ್ರೆ ಟಾರ್ಚು" ಅಂದರು.

ವೀರಬಸಪ್ಪ ಒಪ್ಪಿದರೂ ಸಿಟ್ಟು ಹೋಗಿರಲಿಲ್ಲ. "ತಪ್ಪಾತಂತ ಸಿಟ್ಟಲ್ಲರೀ. ಐದು ದಿನ ಸುಮ್ಮನಿದ್ರಲ್ಲ, ಅದಕ್ಕ. ತಿಂಗಳ ತನಕ ಎರಡ ಮಾತು ಆಡಿದ್ದು. 'ಐತಿ', 'ಇಲ್ಲ'. ಈ ಕೆಲಸಕ್ಕ ಅಷ್ಟು ಸಾಕಾಗ್ತೈತಿ." ಆಮೇಲೊಂದು ದಿನ ಮುನಿಶಾಮಮ್ಮ ಅವರೆಕಾಳು ಸಾರು ತಂದು ಡಬ್ಬಿ ಮುಂದಿಟ್ಟರು. ವೀರಬಸಪ್ಪ ಅರ್ಧ ಉಂಡು, ಉಪ್ಪು ಕಮ್ಮಿ ಅಂದರು. ಅದು ಅವರ ಮೂರನೇ ಮಾತು.

ಮುನಿಶಾಮಮ್ಮನಿಗೆ ಮಗಳು ಕೊಡಿಸಿದ ಶ್ರವಣಯಂತ್ರ ಚೀಲದಲ್ಲಿದೆ. ಬಸ್ಸಿಗೆ ಹತ್ತುವಾಗ ಹಾಕುತ್ತಾರೆ, ಕೆಲಸಕ್ಕೆ ಕೂತಾಗ ತೆಗೆಯುತ್ತಾರೆ. ಅದರಲ್ಲಿ ಎಲ್ಲ ತಟ್ಟೆಯೂ ಒಂದೇ ಥರ ಕಿರುಚುತ್ತದಂತೆ. ಬೆಳಗಿನ ಮೌನ ಈಗ ಬೇಕಾಗಿರುವುದು ಸದ್ದು ಕೇಳಿ ನೋಡುವ ವೀರಬಸಪ್ಪನಿಗೆ. ಆದರೂ ಮುನಿಶಾಮಮ್ಮ ಮೊದಲ ಬಸ್ಸಿಗೇ ಬರುತ್ತಾರೆ. ಮನೆಯಲ್ಲಿ ಒಂದಾದರೂ ಪಿಂಗಾಣಿ ಇದೆಯೇ ಎಂದು ಕೇಳಿದೆ. "ಎಲ್ಲಾ ಸ್ಟೀಲು. ಮನೇಗೋದ್ ಮೇಲಾದ್ರೂ ಕೈ ಜಾರಿದ್ರೆ ಜಾರ್ಲಿ ಬಿಡಿ."

ಎಂಟು ಗಂಟೆಗೆ ಲಾರಿಗಳ ಸದ್ದು ಶುರುವಾಗಿ ತಟ್ಟುವ ಕೆಲಸ ನಿಲ್ಲುತ್ತದೆ. ಅಷ್ಟರಲ್ಲಿ ಮೂವತ್ತೆರಡು ತಟ್ಟೆ ಮುಗಿದಿವೆ. ಮುಂದಿನ ಹಾಲ್‌ನಲ್ಲಿ ಯಾರೋ ಭಾನುವಾರದ ಹರಾಜಿಗೆ ಕುರ್ಚಿ ಜೋಡಿಸುತ್ತಿದ್ದಾರೆ. ಹದಿನಾಲ್ಕು ವರ್ಷದಲ್ಲಿ ಒಂದು ಹರಾಜನ್ನೂ ಮುನಿಶಾಮಮ್ಮ ನೋಡಿಲ್ಲ. ಭಾನುವಾರವೆಲ್ಲ ಹಿಂದುಗಡೆ ಪೆಟ್ಟಿಗೆ ತುಂಬುವುದಿರುತ್ತದೆ.

"ಒಂದ್ ದಿನ ಮುಂದ್ಗಡೆ ಕುರ್ಚೀಲಿ ಕೂತ್ಕಂಡು ನೋಡ್ಬೇಕು ಅಂತ ಆಸೆ. ನಾವ್ ನೋಡಿ ಕೊಟ್ಟಿದ್ದನ್ನ ಯಾರ್ಯಾರ್ ತಗಂಡೋಗ್ತಾರೆ, ಯಾವ್ ಥರ ಇಡ್ಕಂತಾರೆ ಅಂತ" ಅನ್ನುತ್ತ ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ. "ಸೊಳ್ಳೆ ಕಚ್ಚಿದ್ರೂ ಕೈ ಮಾತ್ರ ಎತ್ತಲ್ಲ. ಎತ್ತಿದ್ರೆ ಆ ಮಾಲು ನಂದೇ ಆಗೋಯ್ತದೆ."